ವನಜಕ್ಕ ಎಲ್ಲಿ ಇಳಿಯುತ್ತಾರೆ?

ನಾನು ನಿಂತದ್ದು ಮುಂಬೈ ಹೊರವಲಯದ ಠಾಕುರ್ಲಿಯ ಒಂದು ಹಳೆಯ ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ, ವನಜಕ್ಕನ ಮನೆಯ ಬಾಗಿಲಿಗೂ ಮೆಟ್ಟಿಲಿಗೂ ನಡುವಿನ ಜಾಗದಲ್ಲಿ, ಬರಿಗಾಲಲ್ಲಿ. ಹೊತ್ತು ಮಧ್ಯಾಹ್ನ ಮೂರು ದಾಟಿತ್ತು. ಅವರ ಗಂಡ ವಾಸಣ್ಣನ ಉತ್ತರಕ್ರಿಯೆಯ ಊಟ ಮುಗಿಸಿ, ಕೈ ತೊಳೆದು, ಹೊರಟವರೆಲ್ಲ ಹೊರಗೆ ಬಂದಿದ್ದೆವು. ಬಂದು ನೋಡಿದರೆ ಬಾಗಿಲ ಮುಂದೆ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ಒಂದೂ ಇರಲಿಲ್ಲ.

ಸಾವಿನ ಮನೆಯ ಮುಂದೆ ಚಪ್ಪಲಿ ಕೇಳುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ವಾಸಣ್ಣ ಕೆಲಸ ಮಾಡುತ್ತಿದ್ದ ಹೋಟೆಲಿನಿಂದ ಬಂದ ಒಬ್ಬರು, "ನಾಯಿ ಎಳ್ಕೊಂಡು ಹೋಯ್ತಾ ಹೇಗೆ?" ಎಂದರು.

"ಇಷ್ಟೂ ಜೊತೆಯಾ? ಹಾಗಾದ್ರೆ ನಾಯಿ ಟೆಂಪೋ ತಂದಿರಬೇಕು" ಎಂದು ಒಳಗಿನಿಂದ ಧ್ವನಿ ಬಂತು. ವನಜಕ್ಕ ಬಾಗಿಲಿಗೆ ಅಡ್ಡವಾಗಿ ಬಂದು ನಿಂತರು. ಐದಡಿಗೂ ಕಡಿಮೆಯ ಹೆಂಗಸು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಆದರೆ ನಿಂತ ಭಂಗಿ ಟಿಕೆಟ್ ನೋಡುವ ಟೀಸಿಯದು. "ಚಪ್ಪಲಿ ಎಲ್ಲ ಒಳಗೆ ಭದ್ರ ಉಂಟು. ಒಬ್ಬೊಬ್ಬರೇ ಬನ್ನಿ. 'ಬರ್ತೇನೆ' ಅಂತ ಹೇಳಿ. ತಗೊಂಡು ಹೋಗಿ."

ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ 'ಹೋಗ್ತೇನೆ' ಅನ್ನುವುದಿಲ್ಲ. 'ಬರ್ತೇನೆ' ಅನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಆ ಮಾತು ನಿಷಿದ್ಧ. ಮತ್ತೆ ಇಂಥದೇ ಕಾರಣಕ್ಕೆ ಬರುವಂತಾಗಬಾರದು ಎಂದು ಏನೂ ಹೇಳದೆ ಎದ್ದು ಹೋಗಬೇಕು. ಅಲ್ಲಿ ನಿಂತ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು. ವನಜಕ್ಕನಿಗೂ ಗೊತ್ತಿತ್ತು.

ಅವರ ಅಣ್ಣ ಸದಾನಂದಣ್ಣ ಮುಂದೆ ಬಂದರು. ಠಾಣೆಯ ಮಾಜಿವಾಡಾದಲ್ಲಿ ಮನೆ, ಕೇಟರಿಂಗ್ ವ್ಯವಹಾರ, ಎರಡು ಸಂಘಗಳಲ್ಲಿ ಪದಾಧಿಕಾರಿ. ಸಭೆಯಲ್ಲಿ ಮಾತಾಡುವ ಸ್ವರದಲ್ಲಿಯೇ ಮನೆಯಲ್ಲೂ ಮಾತಾಡುವವರು. "ವನಜಾ, ಇದೆಂತ ಮಕ್ಕಳಾಟಿಕೆ? ಸೂತಕದ ಮನೆಯಿಂದ ಹಾಗೆಲ್ಲ ಹೇಳಲಿಕ್ಕಿಲ್ಲ."

"ಸೂತಕ ಬೆಳಿಗ್ಗೆಯೇ ಹೋಯ್ತಣ್ಣ. ಕಳಿಸಿದವರು ಇಲ್ಲಿಯೇ ಇದ್ದಾರೆ. ಹೌದಲ್ಲ ಭಟ್ರೇ?"

ಭಟ್ಟರು ಬರಿಗಾಲಲ್ಲಿ, ಕೈಯಲ್ಲಿ ಚೀಲ ಹಿಡಿದು, ಕಲ್ಯಾಣದಲ್ಲಿ ಇನ್ನೊಂದು ಮನೆಗೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದರು. "ಶಾಸ್ತ್ರದಲ್ಲಿ ಚಪ್ಪಲಿಯ ವಿಷಯ ಬರುವುದಿಲ್ಲ" ಎಂದು ತೊದಲಿದರು. ಆಮೇಲೆ ಎಲ್ಲರಿಗಿಂತ ಮೊದಲು ಶರಣಾದವರೂ ಅವರೇ. "ಆಯ್ತಮ್ಮ, ಬರ್ತೇನೆ."

"ಅಯ್ಯೋ, ನೀವು ಬೇಡ ಮಾರಾಯ್ರೆ!" ಎಂದರು ವನಜಕ್ಕ. "ನೀವು ಹೋಗ್ತೇನೆ ಅನ್ನಿ!"

ಮೆಟ್ಟಿಲ ಮೇಲೆ ಯಾರೋ ನಕ್ಕುಬಿಟ್ಟರು. ನಕ್ಕವರು ಕೂಡಲೇ ಕೆಮ್ಮಿದರು. ಚಪ್ಪಲಿಗಳು ವಾಷಿಂಗ್ ಮೆಷೀನಿನೊಳಗಿದ್ದವು. ಒಂದೊಂದೇ ಜೊತೆ ಹೊರಬಂತು. ಒಬ್ಬೊಬ್ಬರೇ ಆ ಮಾತು ಹೇಳಿ, ಅಪರಾಧ ಮಾಡಿದವರಂತೆ ತಲೆ ತಗ್ಗಿಸಿ ಇಳಿದು ಹೋದರು. ನನ್ನ ಸರದಿ ಬಂದಾಗ ವನಜಕ್ಕ ಚಪ್ಪಲಿ ಕೊಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಸಣ್ಣ ಸ್ವರದಲ್ಲಿ ಹೇಳಿದರು: "ಸುಧಾಕರ, ನೀನು ಬಾಯಿಮಾತಿಗೆ ಹೇಳುವುದಲ್ಲ, ಬರಬೇಕು. ಅವರ ಪಕ್ಕದಲ್ಲಿ ಇದ್ದವ ನೀನು."

ಅದು ಹೌದು. ನನ್ನ ಮನೆ ಪಕ್ಕದ ಕಟ್ಟಡದಲ್ಲಿ. ವಾಸಣ್ಣ ಠಾಣೆಯ ಒಂದು ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನನ್ನ ಆಫೀಸೂ ಠಾಣೆಯಲ್ಲಿ. ಹತ್ತಾರು ವರ್ಷ ಒಂದೇ ಲೋಕಲ್ ಟ್ರೇನಿನಲ್ಲಿ, ಹೆಚ್ಚುಕಡಿಮೆ ಒಂದೇ ಬಾಗಿಲಲ್ಲಿ ಹೋದವರು ನಾವು. ವಾಸಣ್ಣ ತೀರಿಕೊಂಡ ದಿನ ಟ್ರೇನು ತಡವಾಗಿತ್ತು. ಎರಡು ಟ್ರೇನಿನ ಜನ ಒಂದಕ್ಕೆ ಹತ್ತಿದ್ದರು. ನನ್ನ ಎರಡೂ ಕೈ ಬಾಗಿಲ ನಡುವಿನ ಕಂಬದ ಮೇಲಿತ್ತು. ವಾಸಣ್ಣ ನನ್ನ ಎಡಕ್ಕೆ, ಹೊರಬದಿಗೆ ಇದ್ದರು. ಡೊಂಬಿವಲಿ ಬಿಟ್ಟು ಮುಂದಿನ ಸ್ಟೇಷನ್ ಕೋಪರ್ ಬರುವ ಮೊದಲು ಒಳಗಿನಿಂದ ಒಂದು ನೂಕು ಬಂತು. ಅದು ಮುಗಿದಾಗ ನನ್ನ ಎಡಕ್ಕೆ ಗಾಳಿ ಇತ್ತು. ಪೊಲೀಸರು ಕೇಳಿದಾಗ ಇಷ್ಟನ್ನೇ ಹೇಳಿದ್ದೇನೆ. ಇದಕ್ಕಿಂತ ಹೆಚ್ಚು ನನಗೆ ಕಂಡಿಲ್ಲ. ಅಂದಿನಿಂದ ನಾನು ಟ್ರೇನು ಹತ್ತಲಿಲ್ಲ. ಬಸ್ಸು, ಶೇರ್ ರಿಕ್ಷಾ, ಮತ್ತೆ ಬಸ್ಸು ಎಂದು ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ವನಜಕ್ಕ ಎಂಥವರು ಎಂದು ಹೇಳಬೇಕಾದರೆ ಈರುಳ್ಳಿಯಿಂದ ಶುರು ಮಾಡಬೇಕು. ಉತ್ತರಕ್ರಿಯೆ ಕಳೆದ ಮೇಲೂ ಅಳಲಿಕ್ಕೆ ಬರುವವರಿದ್ದರು. ಡೊಂಬಿವಲಿಯ ದೂರದ ನೆಂಟರು, ಭಜನಾ ಮಂಡಳಿಯ ಹೆಂಗಸರು. ಬಾಗಿಲು ದಾಟುವಾಗಲೇ ಸೆರಗು ಕಣ್ಣಿಗೆ ಹೋಗುತ್ತಿತ್ತು. ವನಜಕ್ಕ ಅವರನ್ನು ಪ್ರೀತಿಯಿಂದ ಅಡುಗೆಮನೆಗೇ ಕರೆದು, ಮಣೆ ಹಾಕಿ, ಮುಂದೆ ಒಂದು ಬುಟ್ಟಿ ಈರುಳ್ಳಿ, ಒಂದು ಚೂರಿ ಇಡುತ್ತಿದ್ದರು. "ಹೇಗೂ ಅಳ್ತೀರಲ್ಲ, ಇದನ್ನೂ ಕೊಚ್ಚಿ. ಒಂದೇ ಕಣ್ಣೀರಿಗೆ ಎರಡು ಕೆಲಸ." ಕೊಚ್ಚಿದ ಈರುಳ್ಳಿಗೆ ಕಡ್ಲೆಹಿಟ್ಟು ಕಲಸಿ, ಬಜೆ ಕರಿದು, ಅವರಿಗೇ ತಿನ್ನಿಸಿ ಕಳಿಸುತ್ತಿದ್ದರು. ಕೆಲವರು ಎರಡನೆಯ ಸಲ ಅಳಲಿಕ್ಕೆ ಬಂದದ್ದು ಬಜೆಯ ಆಸೆಗೆ ಎಂಬುದು ನನ್ನ ಅನುಮಾನ.

ಇನ್ನೊಂದು ಅವರ ಬಾಯಿಯ ಅಭ್ಯಾಸ. ನಮ್ಮ ಕರಾವಳಿಯವರಲ್ಲಿ ಕೆಲವರಿಗೆ ಏನಾದರೂ ಕೆಟ್ಟರೆ, ತಪ್ಪಿದರೆ, ಅರ್ಥವಾಗದಿದ್ದರೆ 'ಎಂತ ಸಾವು ಮಾರಾಯ' ಎಂಬುದು ತಾನಾಗಿ ಬರುತ್ತದೆ. ವನಜಕ್ಕನಿಗೆ ಅದು ಉಸಿರಿನಷ್ಟು ಸಹಜ. ಮಿಕ್ಸಿ ನಿಂತರೆ ಎಂತ ಸಾವು. ನೀರು ಬಾರದಿದ್ದರೆ ಎಂತ ಸಾವು. ವಾಸಣ್ಣ ತೀರಿಕೊಂಡ ಮೇಲೆ ಅವರ ಎದುರಿಗೆ ಉಳಿದವರೆಲ್ಲ ಆ ಮಾತನ್ನು ನುಂಗತೊಡಗಿದರು. ಸದಾನಂದಣ್ಣನ ಹೆಂಡತಿ ಒಮ್ಮೆ ಚಹಾ ಚೆಲ್ಲಿ, "ಎಂತ ಸಾ..." ಎಂದು ಅರ್ಧದಲ್ಲಿ ನಿಲ್ಲಿಸಿ, "ಎಂತ ಸಾ... ಸಾರು ಮಾಡಿದ್ದು ಇವತ್ತು?" ಎಂದು ತಿರುಗಿಸಿದರು. ವನಜಕ್ಕ ಗಂಭೀರವಾಗಿ, "ಸಾವಿನ ಸಾರು ಅತ್ತಿಗೆ, ಹುಳಿ ಸ್ವಲ್ಪ ಜಾಸ್ತಿ ಆಗಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಸಾವು ನೋಡು ಮಾರಾಯ, ಸಾವು ಅಂತ ಸಹ ಹೇಳಬಾರದಂತೆ!"

ಠಾಕುರ್ಲಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಕೆಳಗಿನ ಮನೆಯ ಸುಲಭಾ ಎಂಬ ಹುಡುಗಿಯನ್ನು ಇಡೀ ಕಟ್ಟಡ 'ಸುಲಭಾತಾಯಿ' ಎಂದು ಕರೆಯುವುದನ್ನು ಕೇಳಿ, ಮದುವೆಯಾಗದ ಹುಡುಗಿಗೆ ಇಷ್ಟೊಂದು ಮಕ್ಕಳು ಹೇಗೆ ಎಂದು ಅವರು ವಾಸಣ್ಣನನ್ನು ಕೇಳಿದ್ದರಂತೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿದ ಮೇಲೂ ಬಿಡಲಿಲ್ಲ. ಈಗ ಸುಲಭಾತಾಯಿಗೆ ಐವತ್ತರ ಹತ್ತಿರ. ಇಂದಿಗೂ ಅವರಿಗೆ ಕನ್ನಡದಲ್ಲಿ ಬರುವ ಒಂದೇ ವಾಕ್ಯ ವನಜಕ್ಕ ಕಲಿಸಿದ್ದು: "ನಾನು ನಿನ್ನ ತಾಯಿ ಅಲ್ಲ."

ಬರಬೇಕು ಎಂದಿದ್ದರಲ್ಲ, ನಾನು ಹೋದೆ. ಒಂದು ಭಾನುವಾರ ಬೆಳಿಗ್ಗೆ. ಅವರು ನನ್ನ ಮುಂದೆ ಈರುಳ್ಳಿ ಇಡಲಿಲ್ಲ. ಎದುರಿಗೆ ಕೂತು, ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಅವರು ಕೊನೆಗೆ ಎಂತ ಹೇಳಿದ್ದು?"

ನಾನು ಬಾಗಿಲ ಕಡೆ ನೋಡಿದೆ.

"ಅಣ್ಣ ಹೇಳ್ತಾರೆ, 'ಕೃಷ್ಣಾ' ಅಂದರಂತೆ. ಮಂಡಳಿಯವರು ಹೇಳ್ತಾರೆ, 'ವನಜಾ' ಅಂದರಂತೆ. ನನ್ನನ್ನು ಅವರು ವನಜಾ ಅಂತ ಕರೆದದ್ದೇ ಇಲ್ಲ, 'ಹೋಯ್' ಅನ್ನುವುದು. ಎಲ್ಲ ಸೇರಿ ನನ್ನ ಗಂಡನನ್ನು ಬೇರೆ ಯಾರನ್ನೋ ಮಾಡಿಬಿಟ್ಟಿದ್ದಾರೆ. ಆ ದಿನ ಬೆಳಿಗ್ಗೆ ಹೊರಡುವಾಗ ಬರ್ತೇನೆ ಅಂತ ಹೇಳಿದ್ರೋ ಇಲ್ವೋ, ಅದೂ ಗೊತ್ತಿಲ್ಲ ನನಗೆ. ಹೇಳಿರಬಹುದು. ಕುಕ್ಕರ್ ಕೂಗ್ತಾ ಇತ್ತು. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳುವ ಜನ. ಹೇಳು."

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅಲ್ಲಿ ಕಷ್ಟವಾಗಿತ್ತು. ಏಕೆಂದರೆ ಇದ್ದದ್ದು ಅಂಥ ಮಾತು. ವಾಸಣ್ಣನಿಗೂ ಒಳಗಿನವರಿಗೂ ನಡುವೆ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ ಸಿಕ್ಕಿಕೊಂಡಿದ್ದ. ವಾಸಣ್ಣ ಅವನಿಗೆ ಅರ್ಥವಾಗದ ಹಾಗೆ ಕನ್ನಡದಲ್ಲಿ, ನನಗೆ ಮಾತ್ರ ಹೇಳಿದ್ದರು. ಆ ಮಾತನ್ನು ನಾನು ಪೊಲೀಸರಿಗೂ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

"ಈ ಮನುಷ್ಯನ ಹೊಟ್ಟೆಗೆ ಬೇರೆ ಪಾಸ್ ತೆಗೆಸಬೇಕು ಮಾರಾಯ ಅಂದರು" ಎಂದೆ.

ವನಜಕ್ಕ ಅಲುಗಾಡಲಿಲ್ಲ. ತಪ್ಪು ಮಾಡಿದೆನೇನೋ ಎಂದುಕೊಂಡೆ. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ಸ್ವರ ಬರುವ ಮೊದಲೇ ಕನ್ನಡಕ ಜಾರಿತು. ಅವರು ನೆಲಕ್ಕೆ ಕೈಯೂರಿ ನಕ್ಕರು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಗುವಿನ ನಡುವೆ ಎಲ್ಲಿಯೋ ಅದು ಅಳುವಾಗಿತ್ತು. ಎಲ್ಲಿ ಎಂದು ನನಗೆ ಗುರುತಿಸಲಾಗಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ಹೌದು. ಅದು ಅವರೇ. ನೀನು ಸರಿಯಾದ ಮನುಷ್ಯನ ಪಕ್ಕದಲ್ಲಿಯೇ ಇದ್ದದ್ದು" ಎಂದರು. ಆ ದಿನ ಅವರು ನನಗೆ ಎರಡು ಲೋಟ ಕಾಫಿ ಕೊಟ್ಟರು. ಎರಡಕ್ಕೂ ಸಕ್ಕರೆ ಹಾಕಲು ಮರೆತಿದ್ದರು. ನಾನು ಹೇಳಲಿಲ್ಲ.

ಸದಾನಂದಣ್ಣನ ಯೋಜನೆ ಬೇರೆ ಇತ್ತು. ದೀಪಾವಳಿಯ ಒಳಗೆ ತಂಗಿಯ ಮನೆಯನ್ನು ಬಾಡಿಗೆಗೆ ಕೊಡುವುದು, ತಂಗಿಯನ್ನು ಮಾಜಿವಾಡಾಕ್ಕೆ ಕರೆದೊಯ್ಯುವುದು. ಮಕ್ಕಳಿಲ್ಲದವಳು, ಒಬ್ಬಳೇ ಹೇಗೆ ಇರುತ್ತಾಳೆ? ಅವರ ಕಾಳಜಿ ಸುಳ್ಳಲ್ಲ. ಅವರ ಮನೆಯಲ್ಲಿ ದೇವರ ಕೋಣೆಯ ಪಕ್ಕದಲ್ಲಿ ತಂಗಿಗೆ ಮಂಚ ಬಂದಾಗಿತ್ತು. "ಅಲ್ಲಿ ನಿನಗೆ ಎಂತ ಕೆಲಸವೂ ಇಲ್ಲ ವನಜಾ. ಆರಾಮದಲ್ಲಿ ಕೂತ್ಕೊಂಡು ದೇವರ ನಾಮ ಹೇಳಿದ್ರೆ ಆಯ್ತು."

"ದೇವರು ಎಂತ ತಪ್ಪು ಮಾಡಿದ್ದಾನಣ್ಣ, ಇಡೀ ದಿನ ನನ್ನ ಸ್ವರ ಕೇಳಲಿಕ್ಕೆ?"

"ತಮಾಷೆ ಸಾಕು. ಒಂದು ಕೆಲಸ ಆಗಬೇಕಾದ್ರೆ ಹೊರಗೆ ಹೋಗಬೇಕು. ನೀನು ವಾಸುವಿನ ಕೈ ಬಿಟ್ಟು ಒಂದು ದಿನ ಟ್ರೇನು ಹತ್ತಿದವಳಲ್ಲ. ಈಗಂತೂ..." ಅವರು ಅಲ್ಲಿ ನಿಲ್ಲಿಸಿದರು. ಆಮೇಲೆ ಅವರಿಗೆ ತಿಳಿಯದೆಯೇ ದಾರಿ ತೋರಿಸಿದರು. "ಒಬ್ಬಳೇ ಟ್ರೇನಲ್ಲಿ ನನ್ನ ಮನೆಗೆ ಬಾ, ನೋಡುವ. ಬಂದ್ರೆ ಈ ವಿಷಯದಲ್ಲಿ ನಾನು ಮತ್ತೆ ಬಾಯಿ ತೆರೆಯುವುದಿಲ್ಲ."

ವನಜಕ್ಕ ಅಣ್ಣನಿಂದ ಆ ಮಾತನ್ನು ನನ್ನ ಮುಂದೆ ಮತ್ತೊಮ್ಮೆ ಹೇಳಿಸಿದರು. "ಸುಧಾಕರ, ಕೇಳಿದ್ದಿ ಅಲ್ವಾ? ಬಾಯಿ ತೆರೆಯುವುದಿಲ್ಲ ಅಂದದ್ದು."

ಮಾತು ಆಡುವುದು ಸುಲಭವಾಗಿತ್ತು. ಅದರ ಹಿಂದಿದ್ದ ಹೆದರಿಕೆ ನಿಜವಾಗಿತ್ತು. ಟ್ರೇನಿನ ಹಾರ್ನ್ ಅವರ ಅಡುಗೆಮನೆಗೆ ಕೇಳುತ್ತದೆ. ಪ್ರತಿ ಹಾರ್ನಿಗೂ ಅವರ ಕೈ ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡಿದ್ದೆ. ಅವರೂ ನನ್ನ ಬಸ್ಸಿನ ವಿಷಯ ತಿಳಿದಿದ್ದರು. ಆ ಬಗ್ಗೆ ಕೆಲವು ವಾರ ಏನೂ ಹೇಳಲಿಲ್ಲ. ಒಂದು ದಿನ ಸಂಜೆ ದಾರಿಯಲ್ಲಿ ಹಿಡಿದರು.

"ನಾಳೆ ಅಣ್ಣನ ಮನೆಗೆ ಹೊರಟಿದ್ದೇನೆ. ನಂಗೆ ಭಾರೀ ಹೆದರಿಕೆ ಮಾರಾಯ. ನೀನು ಒಟ್ಟಿಗೆ ಬಾ."

"ವನಜಕ್ಕ, ನಾನು ಟ್ರೇನು..."

"ಗೊತ್ತುಂಟು. ನೀನು ಗಂಡಸರ ಕಡೆ, ನಾನು ಹೆಂಗಸರ ಕಡೆ. ಒಂದೇ ಡಬ್ಬಿ, ನಡುವೆ ಜಾಲರಿ. ನೀನು ಸುಮ್ಮನೆ ನಿಂತರೆ ಸಾಕು. ಮುದುಕಿ ಬಾಯಿಬಿಟ್ಟು ಕೇಳ್ತಾ ಇದ್ದೇನೆ."

ಅವರು ಯಾವತ್ತೂ ತಮ್ಮನ್ನು ಮುದುಕಿ ಎಂದು ಕರೆದುಕೊಂಡವರಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು.

ಮಾರನೆಯ ಬೆಳಿಗ್ಗೆ ಠಾಕುರ್ಲಿ ಸ್ಟೇಷನ್ನಿನಲ್ಲಿ ಅವರು ನನ್ನನ್ನು ಠಾಣೆಯ ಕಡೆಯ ಪ್ಲಾಟ್‌ಫಾರ್ಮಿಗೆ ಬಿಡದೆ, ಕಲ್ಯಾಣದ ಕಡೆ ಹೋಗುವ ಟ್ರೇನಿಗೆ ಹತ್ತಿಸಿದರು. ಠಾಣೆ ಆ ಕಡೆಯಲ್ಲವೇ ಎಂದೆ. "ಗುದ್ದುವ ಟಗರು ಮೊದಲು ಹಿಂದೆ ಹೋಗುವುದು" ಎಂದರು. ಇಲ್ಲಿಯವರಿಗೆ ಇದು ಹೊಸತಲ್ಲ. ಕಲ್ಯಾಣಕ್ಕೆ ಹೋದ ಟ್ರೇನೇ ಮುಂಬೈ ಕಡೆ ತಿರುಗಿ ಬರುತ್ತದೆ. ಸೀಟು ಬೇಕಾದವರು ಒಂದು ಸ್ಟೇಷನ್ ಉಲ್ಟಾ ಹೋಗಿ, ಕೂತ ಜಾಗ ಬಿಡದೆ ವಾಪಸು ಬರುತ್ತಾರೆ. ಆ ಕಡೆಗೆ ಟ್ರೇನು ಖಾಲಿ. ನನಗೆ ಹತ್ತುವುದು ಕಷ್ಟವಾಗಲಿಲ್ಲ. ಜಾಲರಿಗೆ ಒರಗಿ ನಿಂತೆ. ಅದರಾಚೆಯ ಬೆಂಚಿನಲ್ಲಿ ವನಜಕ್ಕ ಕೂತರು.

ಕೂತ ಕೂಡಲೇ ಹೆಂಗಸರ ಕಡೆಯಿಂದ ಗದ್ದಲ ಎದ್ದಿತು. "ಆಲ್ಯಾ, ಮಾವಶಿ ಆಲ್ಯಾ!" ಚಿಕ್ಕಮ್ಮ ಬಂದರು ಎಂದು ಮರಾಠಿಯಲ್ಲಿ ಕೂಗು. ಯಾರೋ ಅವರ ತಿಂಡಿಯ ಡಬ್ಬ ತೆರೆದು ಮೂಸಿದರು. ಯಾರೋ ಅವರ ಸೀರೆಯ ಬಣ್ಣಕ್ಕೆ ಏನೋ ಅಂದರು. ಎದುರು ಬೆಂಚಿನಲ್ಲಿ ಸುಲಭಾತಾಯಿ ಕೂತು ನನ್ನನ್ನು ನೋಡಿ ನಗುತ್ತಿದ್ದರು.

"ವನಜಕ್ಕ," ಎಂದೆ ಜಾಲರಿಯಿಂದ, "ಇವರಿಗೆಲ್ಲ ನಿಮ್ಮ ಗುರುತು ಹೇಗೆ?"

"ಹೇಗೆ ಅಂದ್ರೆ? ದಿನಾ ಬರ್ತೇನಲ್ಲ."

ವಿಷಯ ಹೀಗಿತ್ತು. ಸುಲಭಾತಾಯಿಯ ಕೈ ಹಿಡಿದು ಅವರು ಕೆಲವು ವಾರಗಳಿಂದ ಹೀಗೆಯೇ ಠಾಕುರ್ಲಿಯಿಂದ ಕಲ್ಯಾಣಕ್ಕೆ ಹೋಗಿ, ಅದೇ ಟ್ರೇನಿನಲ್ಲಿ ಠಾಕುರ್ಲಿಗೆ ವಾಪಸು ಬಂದು, ಇಳಿದು, ಮನೆಗೆ ಹೋಗಿ ಅನ್ನಕ್ಕಿಡುತ್ತಿದ್ದರು.

"ಹಾಗಾದರೆ ಹೆದರಿಕೆ ಅಂದದ್ದು?"

"ಹೆದರಿಕೆ ನಿಂಗೆ. ಕರೆದರೆ ಬರ್ತಿದ್ಯಾ ನೀನು?" ಎಂದರು. ಟ್ರೇನು ಕಲ್ಯಾಣಕ್ಕೆ ಬಂತು. ಎರಡೂ ಕಡೆಯಿಂದ ಜನ ನುಗ್ಗಿದರು. ಕ್ಷಣದಲ್ಲಿ ನನ್ನ ಹಿಂದೆ ಒಂದು ಗೋಡೆಯಷ್ಟು ಜನ. "ಇನ್ನು ನಿಂಗೆ ಇಳಿಯಲಿಕ್ಕೆ ಆಗುವುದಿಲ್ಲ" ಎಂದರು ಸಮಾಧಾನದಿಂದ. ಆಮೇಲೆ ಬೇರೆ ಸ್ವರದಲ್ಲಿ, "ಪೂರ್ತಿ ಸುಳ್ಳು ಹೇಳಲಿಲ್ಲ ಸುಧಾಕರ. ಠಾಕುರ್ಲಿಯಿಂದ ಆಚೆಗೆ ನಾನೂ ಹೋಗಿಲ್ಲ."

ನಮ್ಮ ಲೋಕಲ್ ಟ್ರೇನುಗಳಲ್ಲಿ ಕೂತವರನ್ನು ನಿಂತವರು ಕೇಳುವ ಒಂದು ಪ್ರಶ್ನೆ ಇದೆ: 'ಕುಠೇ ಉತರಣಾರ್?' ಎಲ್ಲಿ ಇಳಿಯುತ್ತೀರಿ? ಕೂತವರು ಊರು ಹೇಳಿದರೆ ಆ ಊರಿನಿಂದಾಚೆಗೆ ಸೀಟು ಕೇಳಿದವರದು. ಅದು ಕೋರ್ಟಿನ ತೀರ್ಪಿಗಿಂತ ಗಟ್ಟಿ. ವನಜಕ್ಕ ದಿನಾ ಠಾಕುರ್ಲಿಯಲ್ಲಿ ಇಳಿಯುವುದರಿಂದ, ಅಲ್ಲಿ ಹತ್ತುವ ಶುಭಾಂಗಿ ಎಂಬ ದಪ್ಪನೆಯ ಬ್ಯಾಂಕ್ ಉದ್ಯೋಗಿಗೆ ಅವರ ಸೀಟು ಕೇಳದೆಯೇ ಸಲ್ಲುತ್ತಿತ್ತು. ಆ ದಿನವೂ ಟ್ರೇನು ಠಾಕುರ್ಲಿಯಲ್ಲಿ ನಿಂತಿತು. ಶುಭಾಂಗಿ ಜನರನ್ನು ಸೀಳಿಕೊಂಡು ಬಂದು, ಚೀಲವನ್ನು ವನಜಕ್ಕನ ತಲೆಯ ಮೇಲಿನ ಹಲಗೆಗೆ ಎಸೆದು, ನಡುವಿಗೆ ಕೈಯಿಟ್ಟು ಕಾದಳು.

ವನಜಕ್ಕ ಏಳಲಿಲ್ಲ.

"ಮಾವಶಿ, ಠಾಕುರ್ಲಿ ಬಂತು" ಎಂದಳು ಶುಭಾಂಗಿ ಮರಾಠಿಯಲ್ಲಿ.

"ಬಂದ್ರೆ ಬರಲಿ. ದಿನಾ ಬರುತ್ತದೆ."

"ಮತ್ತೆ ಕುಠೇ ಉತರಣಾರ್?"

ವನಜಕ್ಕನ ಎರಡೂ ಕೈ ಬೆಂಚಿನ ಅಂಚನ್ನು ಹಿಡಿದಿತ್ತು. ಏಳುತ್ತಾರೆ ಎಂದೇ ನನಗೆ ಅನಿಸಿತು. ಎದ್ದಿದ್ದರೆ ಮಾಜಿವಾಡಾದ ಮಂಚ ಅವರಿಗಾಗಿ ಕಾದಿತ್ತು. ಟ್ರೇನು ಹಾರ್ನ್ ಮಾಡಿತು.

"ಠಾಣೇ" ಎಂದರು.

ಹೆಂಗಸರ ಡಬ್ಬಿ ಹೋ ಎಂದಿತು. ಸುಲಭಾತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಶುಭಾಂಗಿ ಮಾತ್ರ, "ಇಷ್ಟು ದಿನದಲ್ಲಿ ಇವತ್ತೇ ಹೇಳಬೇಕಿತ್ತಾ, ಇವತ್ತು ನನ್ನ ಹಿಮ್ಮಡಿ ನೋವು!" ಎಂದು ಗೊಣಗಿ, ಆಮೇಲೆ ತಾನೂ ನಕ್ಕಳು.

ಡೊಂಬಿವಲಿಯಲ್ಲಿ ಇನ್ನಷ್ಟು ಜನ ಬಂದರು. ನನ್ನ ಎದೆ ಜಾಲರಿಗೆ ಒತ್ತಿಕೊಂಡಿತು. ಟ್ರೇನು ಹೊರಟ ಮೇಲೆ ನನ್ನ ಕಿವಿಯಲ್ಲಿ ಒಂದು ಗುಂಯ್ ಶುರುವಾಯಿತು. ಆಗ ಜಾಲರಿಯ ತೂತಿನಿಂದ ಒಂದು ಬೆರಳು ಈಚೆಗೆ ಬಂತು. ವನಜಕ್ಕನ ತೋರುಬೆರಳು. ಅಡುಗೆಯಲ್ಲಿ ಸುಟ್ಟ ಒಂದು ಹಳೆಯ ಕಲೆ ಅದರ ಮೇಲಿತ್ತು. ನಾನು ಅದನ್ನು ಹಿಡಿದುಕೊಂಡೆ.

"ಇಲ್ಲಿಯಾ?" ಎಂದು ಅವರ ಸ್ವರ ಕೇಳಿತು.

"ಇನ್ನೂ ಇಲ್ಲ."

ಸ್ವಲ್ಪ ಹೊತ್ತಾದ ಮೇಲೆ, "ಇಲ್ಲಿಯಾ?"

"ಈಗ" ಎಂದೆ.

ಅವರು ಕಿಟಕಿಯ ಕಡೆ ನೋಡಿದರು. ಹಳಿಯ ಪಕ್ಕದಲ್ಲಿ ಹುಲ್ಲು, ಒಂದು ಮೋರಿ, ಒಣಹಾಕಿದ ಬಟ್ಟೆ, ಒಂದು ಮೇಕೆ. ಅದು ಹಿಂದೆ ಸರಿಯಿತು.

"ಆಯ್ತಾ?"

"ಆಯ್ತು ವನಜಕ್ಕ."

ಅವರು ಬಗ್ಗಿ ಹಿಂದಕ್ಕೆ ನೋಡಿದರು. ಆಮೇಲೆ ಡಬ್ಬಿಯ ಅರ್ಧ ಜನರಿಗೆ ಕೇಳುವ ಹಾಗೆ, ಅಚ್ಚ ಉಡುಪಿ ಕನ್ನಡದಲ್ಲಿ, ಸಿಟ್ಟಿನಿಂದಲೇ ಹೇಳಿದರು: "ಎಂತ ಸಾವು ಮಾರಾಯ! ಇಲ್ಲಿ ಎಂತ ಸಹ ಇಲ್ಲ! ಇಷ್ಟು ದಿನ ನಾನು ಇಲ್ಲಿ ಏನೋ ಬಾಯಿ ತೆರೆದುಕೊಂಡು ಉಂಟು ಅಂತ ಎಣಿಸಿದ್ದೆ. ಒಂದು ಬೋರ್ಡ್ ಸಹ ಇಲ್ಲ!"

ಮಾಜಿವಾಡಾದಲ್ಲಿ ಬಾಗಿಲು ತೆರೆದ ಸದಾನಂದಣ್ಣನ ಒಂದು ಕೆನ್ನೆಯಲ್ಲಿ ಸಾಬೂನಿನ ನೊರೆ ಇತ್ತು. ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಒಬ್ಬಳೇ ಅಂದಿದ್ದೆ" ಎಂದರು.

"ಒಬ್ಬಳೇ. ಅವನು ಗಂಡಸರ ಕಡೆ ಬಂದವ. ನಡುವೆ ಕಬ್ಬಿಣದ ಜಾಲರಿ. ಬೇಕಾದ್ರೆ ಹೋಗಿ ಮುಟ್ಟಿ ನೋಡು."

ಅಣ್ಣ ಏನೋ ಹೇಳಲು ಬಾಯಿ ತೆರೆದರು. ವನಜಕ್ಕ ಬೆರಳೆತ್ತಿದರು. "ಬಾಯಿ!" ಸದಾನಂದಣ್ಣ ಬಾಯಿ ಮುಚ್ಚಿದರು. ಹಾಗೆಯೇ ನಿಂತು, ನೊರೆಯ ಕೆನ್ನೆಯಲ್ಲಿಯೇ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರು ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ನಾನು ಬೇರೆ ಯಾವ ಸಂದರ್ಭದಲ್ಲೂ ಕಂಡಿಲ್ಲ. ದೇವರ ಕೋಣೆಯ ಪಕ್ಕದ ಮಂಚದಲ್ಲಿ ಆ ಮಧ್ಯಾಹ್ನ ವನಜಕ್ಕ ಒಂದು ಒಳ್ಳೆಯ ನಿದ್ದೆ ತೆಗೆದರು. "ಮಂಚ ಒಳ್ಳೇದುಂಟು ಅತ್ತಿಗೆ, ಇರಲಿ. ಅಣ್ಣನಿಗೆ ಕೋಪ ಬಂದಾಗ ಮಲಗಿಸಿ" ಎಂದು ಹೇಳಿ, ಸಂಜೆಯ ಟ್ರೇನಿಗೆ ನನ್ನನ್ನು ಎಬ್ಬಿಸಿಕೊಂಡು ಹೊರಟರು.

ಆಮೇಲಿನ ವರ್ಷಗಳಲ್ಲಿ ಅವರನ್ನು ಮನೆಯಲ್ಲಿ ಹಿಡಿಯುವುದೇ ಕಷ್ಟವಾಯಿತು. ಠಾಣೆಯಲ್ಲಿ ಬದಲಿಸಿ ವಾಶಿಗೆ, ನೆರೂಲಿಗೆ ಒಬ್ಬರೇ ಹೋಗುತ್ತಿದ್ದರು. ಊರಿನಿಂದ ಮದುವೆಯಾಗಿ ಬಂದ ಹೊಸ ಸೊಸೆಯಂದಿರು, ಆಪರೇಷನ್ ಆಗಿ ಮನೆ ಹಿಡಿದವರು, ಗಂಡ ಬಿಟ್ಟುಹೋದ ಒಬ್ಬಾಕೆ, ಇಂಥವರನ್ನೆಲ್ಲ ಹಿಡಿದು ಕಲ್ಯಾಣಕ್ಕೆ ಉಲ್ಟಾ ಕರೆದೊಯ್ದು ಹದ ಮಾಡುತ್ತಿದ್ದರು. ಯಾರಿಗೂ ಧೈರ್ಯದ ಉಪದೇಶ ಮಾಡಿದ್ದು ನಾನು ಕೇಳಿಲ್ಲ. ಹೆದರಿಕೆ ಹೋಯಿತಾ ಎಂದು ನಾನೊಮ್ಮೆ ಕೇಳಿದೆ. "ಅದು ಹೋಗುವ ಜಾತಿ ಅಲ್ಲ. ನಾವು ದಿನಾ ಅದರ ಎದುರು ತಿರುಗಿದರೆ ಅದಕ್ಕೇ ನಮ್ಮನ್ನು ನೋಡಿ ಬೇಜಾರು ಬರ್ತದೆ" ಎಂದರು. ನಾನೂ ಬಸ್ಸು ಬಿಟ್ಟೆ. ಈಗಲೂ ಬಾಗಿಲಲ್ಲಿ ನಿಲ್ಲುವುದಿಲ್ಲ. ಒಳಗೆ, ಜಾಲರಿಯ ಹತ್ತಿರ ನಿಲ್ಲುತ್ತೇನೆ.

ಅವರು ಹೋದದ್ದು ಹೋದ ವರ್ಷ, ಮಳೆ ಕಡಿಮೆಯಾಗುತ್ತಿದ್ದಾಗ, ಶ್ವಾಸಕೋಶದ ಕಾಯಿಲೆಯಿಂದ. ನಾನು ಕೊನೆಗೆ ಕಂಡದ್ದು ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ, ಸಂಜೆ ನೋಡಲು ಬಿಡುವ ಹೊತ್ತಿನಲ್ಲಿ. ಚಿಕ್ಕ ವಯಸ್ಸಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಆಳವಾಗಿ ಉಸಿರು ಎಳೆಯಿರಿ ಅಜ್ಜಿ, ಇನ್ನೂ ಆಳ, ಇನ್ನೂ ಆಳ ಎಂದು ಮರಾಠಿಯಲ್ಲಿ ಹೇಳುತ್ತಿದ್ದ. ವನಜಕ್ಕ ಮುಖದ ಮಾಸ್ಕನ್ನು ಸರಿಸಿ, ನನ್ನ ಕಡೆ ನೋಡಿ, "ಅಷ್ಟು ಆಳದಿಂದ ಎಳೆಯಲಿಕ್ಕೆ ನಾನೇನು ಬಾವಿಯಾ, ಕೇಳು ಅವನತ್ರ" ಎಂದರು. ನಾನು ಅನುವಾದ ಮಾಡಿದೆ. ಡಾಕ್ಟರು ನಗಲಿಲ್ಲ, ಬರೆದುಕೊಂಡ. ಅದು ಅವರಿಗೆ ಇನ್ನೂ ನಗು ತರಿಸಿತು. ನಗು ಕೆಮ್ಮಾಯಿತು. ನರ್ಸ್ ನನ್ನನ್ನು ಹೊರಗೆ ಕಳಿಸಿದಳು.

ವನಜಕ್ಕ 'ಠಾಣೇ' ಎಂದ ಆ ಬೆಳಿಗ್ಗೆ ಡೊಂಬಿವಲಿಗೂ ಕೋಪರಿಗೂ ನಡುವೆ ನಡೆದದ್ದನ್ನು ನೋಡಿದವರಲ್ಲಿ ಈಗ ಇರುವವರು, ನನಗೆ ಗೊತ್ತಿರುವಂತೆ, ಮೂವರು. ಶುಭಾಂಗಿ ವರ್ಗವಾಗಿ ನಾಸಿಕ್‌ನಲ್ಲಿದ್ದಾಳೆ. ಫೋನಿನಲ್ಲಿ ಕೇಳಿದರೆ ತನಗೆ ಸೀಟು ತಪ್ಪಿದ್ದನ್ನೇ ಮೊದಲು ಹೇಳುತ್ತಾಳೆ. ಸದಾನಂದಣ್ಣನೂ ಇದ್ದಾರೆ, ಆದರೆ ಅವರು ನೋಡಿದ್ದು ಬಾಗಿಲು ತೆರೆದ ಮೇಲಿನದು ಮಾತ್ರ, ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನೊಬ್ಬ ನಾನು. ಜಾಲರಿಯ ಈಚೆ ನಿಂತವನು. ನನಗೆ ಕಂಡದ್ದು ಒಂದು ಬೆರಳು. ಅದು ಕಲ್ಲಿನ ಹಾಗೆ ಇತ್ತು, ಸ್ವಲ್ಪವೂ ನಡುಗಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ನಾನು ಹಾಗೆಯೇ ಹೇಳಿಕೊಂಡು ಬಂದೆ. ಮೂರನೆಯವರು ಠಾಕುರ್ಲಿಯ ಆ ಕಟ್ಟಡದ ನೆಲಮಹಡಿಯಲ್ಲಿ ಈಗಲೂ ಇರುವ ಸುಲಭಾತಾಯಿ. ವನಜಕ್ಕನನ್ನು ಕಳಿಸಿ ಬಂದ ದಿನ ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ತಮ್ಮ ಬಲಗೈಯನ್ನು ಬಿಡಿಸಿ ತೋರಿಸಿದರು. "ವನಜಕ್ಕನ ಇನ್ನೊಂದು ಕೈ ಇದರೊಳಗಿತ್ತು, ಕೋಪರ್ ಬರುವ ತನಕ ಎಲೆಯ ಹಾಗೆ ನಡುಗಿತು, ನಾನು ಬಿಡಲಿಲ್ಲ" ಎಂದರು.